ಗೆದ್ದರೂ ಸಾಲದು: ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಬೌಲ್ ಆಟ ಬಿಡುವವರ ತಪ್ಪೆಷ್ಟು?

2023ರ ಡಿಸೆಂಬರ್ 30ರ ಸಂಜೆ. ಮಯಾಮಿ ಪಕ್ಕದ ಹಾರ್ಡ್ ರಾಕ್ ಸ್ಟೇಡಿಯಂನಲ್ಲಿ ಆರೆಂಜ್ ಬೌಲ್, ಅಂದರೆ ಸೀಸನ್ ಮುಗಿದ ಮೇಲೆ ನಡೆಯುವ ಕಾಲೇಜ್ ಫುಟ್‌ಬಾಲ್ ಆಟಗಳಲ್ಲಿ ಒಂದು. ಒಂದು ಕಡೆ ಜಾರ್ಜಿಯಾ, ಇನ್ನೊಂದು ಕಡೆ ಫ್ಲಾರಿಡಾ ಸ್ಟೇಟ್. ಆ ವರ್ಷ ಆಡಿದ 13 ಆಟಗಳಲ್ಲಿ 13ನ್ನೂ ಗೆದ್ದ ತಂಡ ಫ್ಲಾರಿಡಾ ಸ್ಟೇಟ್. ಅರ್ಧ ಆಟ ಮುಗಿಯುವಷ್ಟರಲ್ಲಿ ಸ್ಕೋರು 42-3. ಕೊನೆಗೆ 63-3. ನೂರು ವರ್ಷಕ್ಕೂ ಹಳೆಯದಾದ ಬೌಲ್ ಆಟಗಳಲ್ಲಿ ಇಷ್ಟು ದೊಡ್ಡ ಅಂತರದಲ್ಲಿ ಅದುವರೆಗೆ ಯಾರೂ ಸೋತಿರಲಿಲ್ಲ.

ಆಟ ಮುಗಿದ ಮೇಲೆ ಎಲ್ಲ ಕಡೆ ಎರಡು ಮಾತು ಕೇಳಿಬಂತು. ಈ ತಂಡವನ್ನು ಪ್ಲೇಆಫ್‌ಗೆ ಸೇರಿಸದೇ ಹೋದದ್ದೇ ಒಳ್ಳೆಯದಾಯ್ತು ಅನ್ನೋದು ಮೊದಲನೆಯದು. ಈಗಿನ ಹುಡುಗರಿಗೆ ತಂಡದ ಮೇಲೆ ಅಭಿಮಾನವೇ ಇಲ್ಲ ಅನ್ನೋದು ಎರಡನೆಯದು. ನನಗೆ ಎರಡೂ ಮಾತು ತಪ್ಪು ಅನ್ನಿಸುತ್ತೆ. ಅವತ್ತು ಮೈದಾನಕ್ಕೆ ಇಳಿದದ್ದು 13 ಆಟ ಗೆದ್ದ ತಂಡವೇ ಅಲ್ಲ. ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಇರಲಿಲ್ಲ. ಕೆಲವರಿಗೆ ಗಾಯವಾಗಿತ್ತು. ಕೆಲವರು ಬೇರೆ ಕಾಲೇಜಿಗೆ ಹೋಗಲು ಹೆಸರು ಕೊಟ್ಟಿದ್ದರು. ಜ್ಯಾರೆಡ್ ವರ್ಸ್, ಕಿಯಾನ್ ಕೋಲ್ಮನ್, ಟ್ರೇ ಬೆನ್ಸನ್ ಅಂಥ ಮುಖ್ಯ ಆಟಗಾರರು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರ ಹೆಸರು ಕರೆದು ಆರಿಸಿಕೊಳ್ಳುವ ದಿನಕ್ಕೆ, ತಯಾರಾಗಲು ಈ ಆಟವನ್ನು ಬಿಟ್ಟಿದ್ದರು. ಹೀಗೆ ಬಿಡುವುದನ್ನೇ ಇಲ್ಲಿ ಆಪ್ಟ್ ಔಟ್ ಅಂತಾರೆ.

ಅವರು ಯಾಕೆ ಬಿಟ್ಟರು ಅಂತ ತಿಳಿಯಬೇಕಾದರೆ ನಾಲ್ಕು ವಾರ ಹಿಂದೆ ಹೋಗಬೇಕು.

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಮಕ್ಕಳನ್ನು ಕಾಲೇಜಿಗೆ ಕಳಿಸಿರುವ ಕನ್ನಡಿಗರ ಮನೆಗಳಿಗೆ ಇದು ಹೊಸದಲ್ಲ. ಅಲ್ಲಿ ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ ಶನಿವಾರ ಅಂದರೆ ಕಾಲೇಜ್ ಫುಟ್‌ಬಾಲ್. ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಮೇಲಿನ ಮಟ್ಟದಲ್ಲಿ ಆಡುವ ಕಾಲೇಜುಗಳು 2025ರಲ್ಲಿ 136 ಇದ್ದವು. ಒಂದೊಂದು ತಂಡವೂ ಸಾಮಾನ್ಯವಾಗಿ 12 ಆಟ ಆಡುತ್ತೆ. ಕಾನ್ಫರೆನ್ಸ್ ಅಂತ ಕರೆಯುವ ಗುಂಪುಗಳಿವೆ. ಎಸ್‌ಇಸಿ, ಬಿಗ್ ಟೆನ್, ಎಸಿಸಿ, ಬಿಗ್ 12 ಇವು ನಾಲ್ಕು ದೊಡ್ಡವು. 136 ತಂಡಗಳಿಗೆ 12 ಆಟ ಅಂದರೆ ಹೆಚ್ಚಿನ ತಂಡಗಳು ಒಂದನ್ನೊಂದು ಎದುರಿಸುವುದೇ ಇಲ್ಲ. ಹಾಗಾಗಿ ಅಂಕಪಟ್ಟಿ ನೋಡಿ ಚಾಂಪಿಯನ್ ಯಾರು ಅಂತ ಹೇಳೋಕೆ ಆಗಲ್ಲ. ಯಾರಾದರೂ ಕೂತು ಆರಿಸಲೇಬೇಕು.

ಸೀಸನ್ ಮುಗಿದ ಮೇಲೆ ಬರುವುದು ಬೌಲ್ ಆಟಗಳು. 1902ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಮಿಷಿಗನ್ ತಂಡ ಸ್ಟ್ಯಾನ್‌ಫರ್ಡನ್ನು 49-0ಯಿಂದ ಸೋಲಿಸಿತು. ರೋಸ್ ಬೌಲ್ ಅಲ್ಲಿಂದ ಶುರು. ಚಳಿಗಾಲದಲ್ಲಿ ಬೆಚ್ಚಗಿರುವ ಊರಿಗೆ ಪ್ರವಾಸಿಗಳು ಬರಲಿ ಅನ್ನುವ ಲೆಕ್ಕಾಚಾರವೂ ಇಂಥ ಆಟಗಳ ಹಿಂದೆ ಮೊದಲಿನಿಂದ ಇದೆ. ಈಗ ಸುಮಾರು 40 ಬೌಲ್‌ಗಳಿವೆ. 12ರಲ್ಲಿ 6 ಆಟ ಗೆದ್ದರೆ ಬೌಲ್‌ಗೆ ಅರ್ಹತೆ. ಆಟಗಾರರಿಗೆ ಒಂದು ವಾರದ ಪ್ರವಾಸ, ಉಡುಗೊರೆ, ಕೊನೆಯ ಸಲ ಗೆಳೆಯರ ಜೊತೆ ಒಂದು ಆಟ. ಚೆನ್ನಾಗಿಯೇ ಇತ್ತು. ಸಣ್ಣ ಕಾಲೇಜುಗಳಿಗೆ ಈಗಲೂ ಚೆನ್ನಾಗಿದೆ.

2014ರಲ್ಲಿ ನಾಲ್ಕು ತಂಡಗಳ ಪ್ಲೇಆಫ್ ಬಂತು. 13 ಜನರ ಕಮಿಟಿ ಟೆಕ್ಸಸ್‌ನ ಗ್ರೇಪ್‌ವೈನ್ ಅನ್ನುವ ಊರಿನ ಹೋಟೆಲ್‌ನಲ್ಲಿ ಕೂತು ತಂಡಗಳನ್ನು ಆರಿಸುತ್ತೆ. ಕಾಲೇಜುಗಳ ಕ್ರೀಡಾ ನಿರ್ದೇಶಕರು, ಹಳೆಯ ಕೋಚ್‌ಗಳು ಅದರಲ್ಲಿ ಇರ್ತಾರೆ. ತಮ್ಮ ಕಾಲೇಜಿನ ಮಾತು ಬಂದಾಗ ಎದ್ದು ಹೊರಗೆ ಹೋಗಬೇಕು ಅನ್ನುವ ನಿಯಮವೂ ಇದೆ. ಕಮಿಟಿಯವರು ಮೋಸ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ಅವರ ಕೈಗೆ ಕೊಟ್ಟಿರುವ ಕೆಲಸವೇ ಸರಿಯಿಲ್ಲ ಅನ್ನೋದು ನನ್ನ ವಾದ.

ಈಗ ಫ್ಲಾರಿಡಾ ಸ್ಟೇಟ್ ಕಥೆಗೆ ಬರೋಣ. 2023ರ ನವೆಂಬರ್ 18ರಂದು ನಾರ್ತ್ ಅಲಬಾಮಾ ಮೇಲಿನ ಆಟದಲ್ಲಿ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ, ಜಾರ್ಡನ್ ಟ್ರ್ಯಾವಿಸ್ ಕಾಲು ಮುರಿದುಕೊಂಡರು. ಅವರನ್ನು ಗಾಡಿಯಲ್ಲಿ ಕೂರಿಸಿ ಮೈದಾನದಿಂದ ಹೊರಗೆ ಕರೆದೊಯ್ದರು. ಮುಂದಿನ ವಾರ ಎರಡನೇ ಕ್ವಾರ್ಟರ್‌ಬ್ಯಾಕ್ ಟೇಟ್ ರೋಡ್‌ಮೇಕರ್ ಆಡಿದರು. ಫ್ಲಾರಿಡಾ ಅನ್ನುವ ಬೇರೆ ಕಾಲೇಜಿನ ಮೇಲೆ 24-15ರ ಗೆಲುವು. ಆ ಆಟದಲ್ಲಿ ಅವರ ತಲೆಗೂ ಪೆಟ್ಟಾಯಿತು. ಎಸಿಸಿ ಫೈನಲ್‌ಗೆ ಇಳಿದದ್ದು ಮೂರನೆಯವರು, ಮೊದಲ ವರ್ಷದ ಹುಡುಗ ಬ್ರಾಕ್ ಗ್ಲೆನ್. ಆದರೂ ಲೂಯಿವಿಲ್ ತಂಡವನ್ನು 6 ಅಂಕಕ್ಕೆ ಕಟ್ಟಿಹಾಕಿ 16-6ರಿಂದ ಗೆದ್ದರು. ಮೂರು ಕ್ವಾರ್ಟರ್‌ಬ್ಯಾಕ್, ಮೂರು ವಾರ, ಮೂರು ಗೆಲುವು. ತಂಡ ಅಂದರೆ ಇದೇ ಅಲ್ವಾ?

ಡಿಸೆಂಬರ್ 3ರಂದು ಕಮಿಟಿ ಪಟ್ಟಿ ಓದಿತು. ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ. ಫ್ಲಾರಿಡಾ ಸ್ಟೇಟ್ ಐದನೆಯದು. ಟೆಕ್ಸಸ್, ಅಲಬಾಮಾ ಎರಡೂ ಒಂದೊಂದು ಸೋತಿದ್ದವು. ಒಂದೂ ಸೋಲದ ದೊಡ್ಡ ಕಾನ್ಫರೆನ್ಸ್ ಚಾಂಪಿಯನ್ ಪ್ಲೇಆಫ್‌ನಿಂದ ಹೊರಗೆ ಉಳಿದದ್ದು ಅದೇ ಮೊದಲು. ಟ್ರ್ಯಾವಿಸ್ ಇಲ್ಲದ ಮೇಲೆ ಇದು ಮೊದಲ ಹನ್ನೊಂದು ವಾರ ನಾವು ಕಂಡ ತಂಡವಲ್ಲ ಅಂತ ಕಮಿಟಿಯ ಅಧ್ಯಕ್ಷ ಬೂ ಕಾರಿಗನ್ ಕಾರಣ ಕೊಟ್ಟರು. ಮುಖ್ಯ ಆಟಗಾರ ಇಲ್ಲದಿದ್ದರೆ ಅದನ್ನೂ ಲೆಕ್ಕಕ್ಕೆ ತಗೋಬಹುದು ಅಂತ ನಿಯಮದಲ್ಲಿ ಬರೆದಿತ್ತು ಕೂಡ. ತನ್ನ ಕಾಲು ಇನ್ನೂ ಮೊದಲೇ ಮುರಿಯಬೇಕಿತ್ತು, ಆಗ ಈ ತಂಡ ತಾನೊಬ್ಬನೇ ಅಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು ಅಂತ ಟ್ರ್ಯಾವಿಸ್ ಬರೆದುಕೊಂಡರು. ಅದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಗಾಯವಾದ ಹುಡುಗ ಗಾಯಕ್ಕೆ ಕ್ಷಮೆ ಕೇಳುವ ಸ್ಥಿತಿ ಅದು.

ಆಮೇಲೆ ಅವರಿಗೆ ಸಿಕ್ಕಿದ್ದು ಆರೆಂಜ್ ಬೌಲ್. ನೀವು ಗೆದ್ದದ್ದು ಲೆಕ್ಕಕ್ಕಿಲ್ಲ ಅಂತ ಒಂದು ತಂಡಕ್ಕೆ ಹೇಳಿ, ನಾಲ್ಕು ವಾರದ ನಂತರ ಲೆಕ್ಕಕ್ಕಿಲ್ಲದ ಇನ್ನೊಂದು ಆಟಕ್ಕೆ ಬನ್ನಿ ಅಂದರೆ ಯಾರು ಮೈ ಒಡ್ಡುತ್ತಾರೆ? ಆಡಲು ಬಂದವರು ಸೋತರು. ಆ ಸೋಲನ್ನೇ ತೋರಿಸಿ, ಕಮಿಟಿ ಹೇಳಿದ್ದು ಸರಿಯಾಗಿತ್ತು ಅಂದರು. ತೀರ್ಪು ಮೊದಲು ಬಂತು, ಸಾಕ್ಷಿ ಆ ತೀರ್ಪಿನಿಂದಲೇ ಹುಟ್ಟಿತು. ಗೆದ್ದ ಜಾರ್ಜಿಯಾದ ಕೋಚ್ ಕರ್ಬಿ ಸ್ಮಾರ್ಟ್ ಕೂಡ ಅವತ್ತು ಸಂಭ್ರಮಿಸಲಿಲ್ಲ. ಇವತ್ತು ಏನಾಯಿತು ಅಂತ ಜನ ನೋಡಬೇಕು, ಇದನ್ನು ಸರಿಮಾಡಬೇಕು ಅಂತ ಅಂದರು.

ಆಪ್ಟ್ ಔಟ್ ಶುರುವಾದದ್ದು ಅದಕ್ಕೂ ಏಳು ವರ್ಷ ಮೊದಲು. ಅದಕ್ಕೆ ಕಾರಣವಾದ ಒಂದು ಆಟ ಇದೆ. 2016ರ ಜನವರಿ 1, ಫಿಯೆಸ್ಟಾ ಬೌಲ್, ನೋಟರ್ ಡೇಮ್ ಮತ್ತು ಒಹಾಯೋ ಸ್ಟೇಟ್. ನೋಟರ್ ಡೇಮ್‌ನ ಜೇಲನ್ ಸ್ಮಿತ್ ಆ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಕೆಲವೇ ಹೆಸರುಗಳಲ್ಲಿ ಒಬ್ಬರಾಗುತ್ತಾರೆ ಅಂತ ಎಲ್ಲರೂ ನಂಬಿದ್ದರು. ಎದುರಾಳಿಯೊಬ್ಬ ತಳ್ಳಿದ. ಎಡಗಾಲು ನೆಲಕ್ಕೆ ಊರುವಾಗ ಮಂಡಿ ತಿರುಚಿಕೊಂಡಿತು. ಮಂಡಿಯ ಎರಡು ಮುಖ್ಯ ಕಟ್ಟುಗಳು ಹರಿದವು, ನರಕ್ಕೂ ಪೆಟ್ಟಾಯಿತು. ಡ್ರಾಫ್ಟ್‌ನಲ್ಲಿ ಅವರ ಹೆಸರು ಬಂದದ್ದು 34ನೆಯದಾಗಿ. ಮೊದಲ ವರ್ಷ ಪೂರ್ತಿ ಒಂದು ಆಟವನ್ನೂ ಆಡಲಾಗಲಿಲ್ಲ.

34ನೇ ಜಾಗ ಕೆಟ್ಟದ್ದೇನಲ್ಲ ಅಂತ ಅನ್ನಿಸಬಹುದು. ಆದರೆ ಎನ್‌ಎಫ್‌ಎಲ್‌ನಲ್ಲಿ 2011ರ ಒಪ್ಪಂದದಿಂದ ಹೊಸ ಆಟಗಾರನ ಮೊದಲ ನಾಲ್ಕು ವರ್ಷದ ಸಂಬಳ ಹೆಚ್ಚು ಕಡಿಮೆ ಅವನ ಡ್ರಾಫ್ಟ್ ಸಂಖ್ಯೆಯೇ ನಿರ್ಧರಿಸುತ್ತೆ. ಚೌಕಾಸಿಗೆ ಜಾಗ ಬಹಳ ಕಡಿಮೆ. ಐದನೇ ಹೆಸರಿಗೂ 34ನೇ ಹೆಸರಿಗೂ ನಡುವೆ ಕೋಟಿಗಟ್ಟಲೆ ರೂಪಾಯಿಯ ವ್ಯತ್ಯಾಸ. ಒಂದು ಮಂಡಿ, ಒಂದು ಸಂಜೆ.

ಅದೇ ವರ್ಷದ ಕೊನೆಗೆ ಎಲ್‌ಎಸ್‌ಯುನ ಲಿಯನಾರ್ಡ್ ಫರ್ನೆಟ್, ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚನ್ ಮಕ್ಯಾಫ್ರಿ ಇಬ್ಬರೂ ತಮ್ಮ ಬೌಲ್ ಆಡಲ್ಲ ಅಂದರು. ಆಗ ಎದ್ದ ಗಲಾಟೆ ಅಷ್ಟಿಷ್ಟಲ್ಲ. ಸ್ವಾರ್ಥಿಗಳು ಅಂತ ಬೈದರು. ಡ್ರಾಫ್ಟ್ ದಿನ ಫರ್ನೆಟ್ 4ನೆಯವರು, ಮಕ್ಯಾಫ್ರಿ 8ನೆಯವರು. ಬೌಲ್ ಬಿಟ್ಟದ್ದಕ್ಕೆ ಯಾವ ತಂಡವೂ ಅವರನ್ನು ಕೈಬಿಡಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಆರೆಂಜ್ ಬೌಲ್ ಆಡಿದ ಮಿಷಿಗನ್‌ನ ಜೇಕ್ ಬಟ್ ಮಂಡಿ ಹರಿದುಕೊಂಡು ಐದನೇ ಸುತ್ತಿಗೆ ಜಾರಿದರು. 2022ರ ಜನವರಿ 1ರಂದು ಓಲ್ ಮಿಸ್‌ನ ಮ್ಯಾಟ್ ಕೊರಾಲ್ ಗೆಳೆಯರನ್ನು ಬಿಟ್ಟು ಹೋಗಬಾರದು ಅಂತ ಶುಗರ್ ಬೌಲ್‌ಗೆ ಇಳಿದರು. ಪಾದದ ಕೀಲಿಗೆ ಪೆಟ್ಟು ತಿಂದು ಊರುಗೋಲು ಹಿಡಿದರು. ಡ್ರಾಫ್ಟ್‌ನಲ್ಲಿ ಮೂರನೇ ಸುತ್ತು, 94ನೇ ಹೆಸರು. ಅದಕ್ಕೆ ಗಾಯವೊಂದೇ ಕಾರಣ ಅಂತ ಹೇಳಲಾಗದು. ಆದರೆ ಇಂಥದ್ದನ್ನೆಲ್ಲ ನೋಡಿ ಬೆಳೆದ ಹುಡುಗ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕೂತು ಲೆಕ್ಕ ಹಾಕಿದರೆ ಅದನ್ನು ಸ್ವಾರ್ಥ ಅನ್ನಬಹುದಾ? ನಮ್ಮ ಮಗನೇ ಆಗಿದ್ದರೆ ನಾವು ಏನು ಹೇಳ್ತಿದ್ದೆವು?

ಹುಡುಗರಿಗೆ ಬೈಯುವವರು ಕೋಚ್‌ಗಳ ವಿಷಯಕ್ಕೆ ಬಂದಾಗ ಯಾಕೆ ಸುಮ್ನಾಗ್ತಾರೆ ಅನ್ನೋದು ನನಗೆ ಅರ್ಥವಾಗಿಲ್ಲ. 2025ರ ನವೆಂಬರ್ 30ರಂದು ಓಲ್ ಮಿಸ್‌ನ ಕೋಚ್ ಲೇನ್ ಕಿಫಿನ್ ಎಲ್‌ಎಸ್‌ಯುಗೆ ಹೊರಟರು. ಆಗ ಓಲ್ ಮಿಸ್ 12ರಲ್ಲಿ 11 ಗೆದ್ದು ಪ್ಲೇಆಫ್ ಬಾಗಿಲಲ್ಲಿ ನಿಂತಿತ್ತು. ಪ್ಲೇಆಫ್ ಮುಗಿಯುವವರೆಗೆ ತಾನೇ ಕೋಚ್ ಆಗಿರ್ತೀನಿ ಅಂತ ಅವರು ಕೇಳಿದ್ದು ನಿಜ, ಕಾಲೇಜು ಒಪ್ಪಲಿಲ್ಲ. ಆದರೂ ಸೀಸನ್ ನಡುವೆ ಇನ್ನೊಂದು ತಂಡಕ್ಕೆ ಒಪ್ಪಿಕೊಂಡದ್ದು ಅವರೇ. ಉಳಿದ ಆಟಗಾರರು ಹೊಸ ಕೋಚ್ ಪೀಟ್ ಗೋಲ್ಡಿಂಗ್ ಜೊತೆ ಆಡಿ ಟುಲೇನ್ ತಂಡವನ್ನು, ಆಮೇಲೆ ಜಾರ್ಜಿಯಾವನ್ನು ಸೋಲಿಸಿ ಸೆಮಿಫೈನಲ್ ತನಕ ಹೋದರು. ಬಿಟ್ಟು ಹೋದದ್ದು ದೊಡ್ಡವರು, ನಿಂತು ಆಡಿದ್ದು ಹುಡುಗರು.

ಇನ್ನು ಕ್ಯಾಲೆಂಡರ್. ಕಾಲೇಜು ಬದಲಿಸುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ 2024ರಲ್ಲಿ ಡಿಸೆಂಬರ್‌ನಲ್ಲೇ ತೆರೆದಿತ್ತು, ಅಂದರೆ ಪ್ಲೇಆಫ್ ನಡೆಯುವಾಗಲೇ. ಪೆನ್ ಸ್ಟೇಟ್‌ನ ಎರಡನೇ ಕ್ವಾರ್ಟರ್‌ಬ್ಯಾಕ್ ಬೋ ಪ್ರಿಬ್ಯೂಲಾ ಪ್ಲೇಆಫ್‌ನ ಮೊದಲ ಆಟಕ್ಕೆ ಕೆಲವೇ ದಿನ ಮುಂಚೆ ತಂಡ ಬಿಡಬೇಕಾಯಿತು. ಕಾಯುತ್ತಾ ಕೂತಿದ್ದರೆ ಬೇರೆ ಕಡೆ ಜಾಗ ಭರ್ತಿಯಾಗುತ್ತಿತ್ತು. 2026ರಿಂದ ಅದನ್ನು ಜನವರಿ 2ರಿಂದ 16ರವರೆಗೆ ಮಾಡಿದರು. ಸ್ವಲ್ಪ ವಾಸಿ, ಆದರೆ ಫೈನಲ್ ನಡೆದದ್ದು ಜನವರಿ 19ಕ್ಕೆ.

ಹಾಗಾದರೆ ಹುಡುಗರಿಗೆ ಗಾಯದ ಭಯ ಜಾಸ್ತಿಯಾಗಿದೆಯಾ? ಇಲ್ಲ ಅನ್ನೋದಕ್ಕೆ ಆ ಫೈನಲ್ಲೇ ಸಾಕ್ಷಿ. ಇಂಡಿಯಾನಾದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನು ಆ ವರ್ಷ ಗೆದ್ದವರು. ಡ್ರಾಫ್ಟ್‌ನಲ್ಲಿ ಅವರ ಹೆಸರೇ ಮೊದಲು ಬರುತ್ತೆ ಅಂತ ಮಾತಿತ್ತು. ಕಳೆದುಕೊಳ್ಳಲು ಅವರಷ್ಟು ಇದ್ದವರು ಆ ಮೈದಾನದಲ್ಲಿ ಇನ್ನೊಬ್ಬರಿಲ್ಲ. ಕೊನೆಯ ಕ್ವಾರ್ಟರ್, ನಾಲ್ಕನೇ ಡೌನ್, ಅಂದರೆ ಕೊನೆಯ ಪ್ರಯತ್ನ. ಚೆಂಡು ಎಸೆಯುವ ಬದಲು ಅವರೇ ನಡುವೆ ನುಗ್ಗಿದರು. ಒಂದು ಪೆಟ್ಟು ಬಿತ್ತು, ಬೀಳಲಿಲ್ಲ. ತಿರುಗಿ ಇನ್ನೊಂದು ಪೆಟ್ಟು ತಿಂದು, ಮೈ ಪೂರ್ತಿ ಗಾಳಿಗೆ ಎಸೆದು ಚೆಂಡನ್ನು ಗೆರೆ ದಾಟಿಸಿದರು. 12 ಗಜದ ಟಚ್‌ಡೌನ್. ಅದು ಅವರ ತಂಡಕ್ಕೆ ಆ ಸೀಸನ್‌ನ 16ನೇ ಆಟ. ಎನ್‌ಎಫ್‌ಎಲ್ ತಂಡವೇ ಸೀಸನ್‌ಗೆ 17 ಆಡುತ್ತೆ. ಲೆಕ್ಕಕ್ಕೆ ಬರುವ ಆಟ ಅಂದರೆ ಹುಡುಗರು ಮೈ ಒಡ್ಡುತ್ತಾರೆ. ಪ್ಲೇಆಫ್ ಆಟವನ್ನು ಬಿಡುವವರು ಅಪರೂಪ. ಬಿಡುವುದು ಉಳಿದ ಬೌಲ್‌ಗಳನ್ನು. ಯಾವುದು ಲೆಕ್ಕಕ್ಕೆ, ಯಾವುದು ಅಲ್ಲ ಅಂತ ಹೇಳಿಕೊಟ್ಟದ್ದು ಈ ವ್ಯವಸ್ಥೆಯೇ.

ಅದಕ್ಕೇ ಆಪ್ಟ್ ಔಟ್ ಬೇರೆ ಸಮಸ್ಯೆ, ಆಯ್ಕೆಯ ನ್ಯಾಯ ಬೇರೆ ಸಮಸ್ಯೆ ಅಂತ ನನಗೆ ಅನ್ನಿಸಲ್ಲ. ಎರಡಕ್ಕೂ ಬೇರು ಒಂದೇ. ಮೈದಾನದ ಫಲಿತಾಂಶಕ್ಕೆ ಎಷ್ಟು ಬೆಲೆ ಅನ್ನೋದು ಆಡುವ ಮುಂಚೆ ಯಾರಿಗೂ ಗೊತ್ತಿಲ್ಲ.

ನಮಗೆ ಚೆನ್ನಾಗಿ ಗೊತ್ತಿರುವ ಒಂದು ರಾತ್ರಿ ನೆನಪಿಸಿಕೊಳ್ಳಿ. 2024ರ ಮೇ 18, ಚಿನ್ನಸ್ವಾಮಿ ಸ್ಟೇಡಿಯಂ. ಆರ್‌ಸಿಬಿ 218 ಹೊಡೆದಿತ್ತು. ಚೆನ್ನೈ ಗೆಲ್ಲೋಕೆ 219 ಬೇಕು, ಆದರೆ ಪ್ಲೇಆಫ್‌ಗೆ ಹೋಗೋಕೆ 201 ಸಾಕು. ಕೊನೆಯ ಓವರ್‌ನಲ್ಲಿ 17 ರನ್. ಮೊದಲ ಬಾಲಿಗೆ ಧೋನಿ ಸಿಕ್ಸರ್, ಎರಡನೇ ಬಾಲಿಗೆ ಔಟ್. ಗ್ಯಾಲರಿಯಲ್ಲಿ ಕೂತ ಚಿಕ್ಕ ಮಗುವಿಗೂ ಆ 201ರ ಲೆಕ್ಕ ಗೊತ್ತಿತ್ತು. ಸೋತವರಿಗೆ ಬೇಜಾರಾಗಿರಬಹುದು, ಅನ್ಯಾಯವಾಯಿತು ಅಂತ ಯಾರೂ ಅನ್ನಲಿಲ್ಲ. ಯಾಕಂದ್ರೆ ಲೆಕ್ಕ ಆಟಕ್ಕಿಂತ ಮೊದಲೇ ಎಲ್ಲರ ಮುಂದೆ ಇತ್ತು.

ಕಾಲೇಜ್ ಫುಟ್‌ಬಾಲ್‌ನಲ್ಲಿ ಆ 201 ಇಲ್ಲ. ಇರೋದು ಎರಡು ಬೇರೆ ಬೇರೆ ಪ್ರಶ್ನೆ. ಈ ಸೀಸನ್‌ನಲ್ಲಿ ಗೆದ್ದು ಜಾಗ ಸಂಪಾದಿಸಿದವರು ಯಾರು? ನಾಳೆ ಆಡಿಸಿದರೆ ಗೆಲ್ಲುವಷ್ಟು ಬಲ ಇರುವವರು ಯಾರು? ಕಮಿಟಿ ಒಂದು ವರ್ಷ ಮೊದಲನೆಯದಕ್ಕೆ, ಇನ್ನೊಂದು ವರ್ಷ ಎರಡನೆಯದಕ್ಕೆ ಉತ್ತರ ಹುಡುಕುತ್ತೆ. ಒಂದೇ ದಿನ ಎರಡನ್ನೂ ಬೆರೆಸುವುದೂ ಉಂಟು.

2024ರಿಂದ ಪ್ಲೇಆಫ್ 12 ತಂಡಕ್ಕೆ ಹಿಗ್ಗಿತು. ಅತಿ ಮೇಲಿರುವ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಖಚಿತ ಜಾಗ, ಉಳಿದ ಏಳು ಕಮಿಟಿಯ ಆಯ್ಕೆ. ಇನ್ನು ಜಗಳ ಇರಲ್ಲ ಅಂದುಕೊಂಡೆವು. 2025ರ ಡಿಸೆಂಬರ್ 7 ಅದನ್ನು ಸುಳ್ಳು ಮಾಡಿತು.

ಆ ವಾರದ ಶುರುವಿನಲ್ಲಿ ಪಟ್ಟಿ ಹೀಗಿತ್ತು: 9ರಲ್ಲಿ ಅಲಬಾಮಾ, 10ರಲ್ಲಿ ನೋಟರ್ ಡೇಮ್, 11ರಲ್ಲಿ ಬಿವೈಯು, 12ರಲ್ಲಿ ಮಯಾಮಿ. ವಾರಾಂತ್ಯ ನೋಟರ್ ಡೇಮ್ ಆಡಲಿಲ್ಲ. ಮಯಾಮಿಯೂ ಆಡಲಿಲ್ಲ. ಆದರೂ ಭಾನುವಾರ ಮಯಾಮಿ 10ಕ್ಕೆ ಏರಿತ್ತು, ನೋಟರ್ ಡೇಮ್ 11ಕ್ಕೆ ಇಳಿದು ಹೊರಗೆ ಬಿದ್ದಿತ್ತು. ಕೊನೆಯ ಎರಡು ಜಾಗ ಪಟ್ಟಿಯಲ್ಲಿ ಇನ್ನೂ ಕೆಳಗಿದ್ದ ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಹೋಗಬೇಕಿತ್ತು. ಮನೆಯಲ್ಲಿ ಕೂತಿದ್ದ ಎರಡು ತಂಡ ಅದಲು ಬದಲಾದದ್ದು ಹೇಗೆ?

ಕಮಿಟಿಯ ಆಗಿನ ಅಧ್ಯಕ್ಷ ಹಂಟರ್ ಯುರಾಚೆಕ್ ಕೊಟ್ಟ ವಿವರಣೆ ಇಷ್ಟು. ಬಿವೈಯು ತನ್ನ ಫೈನಲ್‌ನಲ್ಲಿ ಟೆಕ್ಸಸ್ ಟೆಕ್‌ಗೆ 34-7ರಿಂದ ಸೋತು ಕೆಳಗೆ ಇಳಿಯಿತು. ಆಗ ಮಯಾಮಿ ಮತ್ತು ನೋಟರ್ ಡೇಮ್ ಅಕ್ಕಪಕ್ಕ ಬಂದವು. ಅಕ್ಕಪಕ್ಕ ಬಂದ ಮೇಲೆ ಅವರಿಬ್ಬರ ಮುಖಾಮುಖಿಯನ್ನು ನೋಡಿದೆವು. ಮುಖಾಮುಖಿಯಲ್ಲಿ ಮಯಾಮಿ 27-24ರಿಂದ ಗೆದ್ದದ್ದು ನಿಜ. ಆದರೆ ಆ ಆಟ ನಡೆದದ್ದು ಆಗಸ್ಟ್ 31ಕ್ಕೆ. ನವೆಂಬರ್ ಮೊದಲ ವಾರದ ಪಟ್ಟಿಯಲ್ಲಿ ನೋಟರ್ ಡೇಮ್ 10ರಲ್ಲಿ ಇದ್ದಾಗ ಮಯಾಮಿ 18ರಲ್ಲಿತ್ತು. ಆಗಲೂ ಆ ಫಲಿತಾಂಶ ಕಣ್ಣ ಮುಂದೆಯೇ ಇತ್ತು. ನಡುವೆ ಬಿವೈಯು ಇದ್ದರೆ ಲೆಕ್ಕಕ್ಕಿಲ್ಲ, ಬಿವೈಯು ಸರಿದರೆ ಲೆಕ್ಕಕ್ಕಿದೆ ಅಂದರೆ ಅದನ್ನು ನಿಯಮ ಅನ್ನೋಕೆ ನನಗೆ ಆಗಲ್ಲ.

ಅದೇ ವಾರಾಂತ್ಯ ಅಲಬಾಮಾ ತನ್ನ ಫೈನಲ್‌ನಲ್ಲಿ ಜಾರ್ಜಿಯಾಗೆ 28-7ರಿಂದ ಸೋತಿತು. ಮೂರನೇ ಸೋಲು. ಆದರೆ ಅಲಬಾಮಾ 9ರಿಂದ ಅಲುಗಲಿಲ್ಲ. ಕಾನ್ಫರೆನ್ಸ್ ಫೈನಲ್‌ನಲ್ಲಿ ಸೋತವರಿಗೆ ಶಿಕ್ಷೆ ಆಗಬಾರದು ಅನ್ನುವ ಮಾತು ಹಿಂದಿನ ವರ್ಷದಿಂದ ಇತ್ತು, ಅದರಲ್ಲಿ ಅರ್ಥವೂ ಇದೆ. ಹಾಗಾದರೆ ಬಿವೈಯು ಯಾಕೆ ಇಳಿಯಿತು? ಅದು ಇಳಿಯದೇ ಇದ್ದಿದ್ದರೆ, ಕಮಿಟಿಯ ಮಾತಿನ ಪ್ರಕಾರವೇ, ಮುಖಾಮುಖಿಯ ಪ್ರಶ್ನೆ ಏಳುತ್ತಿರಲಿಲ್ಲ. ಒಂದೇ ದಿನ, ಒಂದೇ ಥರದ ಸೋಲು, ಎರಡು ಅಳತೆ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ನನ್ನನ್ನು ಕೇಳಿದರೆ ಜಾಗ ಸಿಗಬೇಕಾದದ್ದು ಮಯಾಮಿಗೇ. ಇಬ್ಬರೂ 10 ಗೆದ್ದು 2 ಸೋತವರು, ಒಬ್ಬರು ಇನ್ನೊಬ್ಬರನ್ನು ಸೋಲಿಸಿದ್ದಾರೆ. ಉತ್ತರ ಸರಿಯಿದೆ. ಆದರೆ ಐದು ವಾರ ಬೇರೆ ಉತ್ತರ ಹೇಳುತ್ತಾ ಬಂದು ಕೊನೆಯ ದಿನ ಬದಲಿಸಿದ್ದು ತಪ್ಪು. ಪ್ರತಿ ಮಂಗಳವಾರ ಟಿವಿಯಲ್ಲಿ ಪಟ್ಟಿ ಬಿಡುವುದು ಯಾತಕ್ಕೆ? ಆ ಪಟ್ಟಿಯಿಂದ ಯಾರಿಗೂ ಏನೂ ಸಿಗಲ್ಲ. ಕೊನೆಯದು ಮಾತ್ರ ಲೆಕ್ಕಕ್ಕೆ. ಉಳಿದವು ಟಿವಿ ಕಾರ್ಯಕ್ರಮ. ಆದರೆ ಅದನ್ನು ನೋಡಿ ಆಟಗಾರರು ನಂಬುತ್ತಾರೆ, ಊರು ನಂಬುತ್ತೆ.

ಎಸಿಸಿಯಲ್ಲಿ ಆದದ್ದು ಇನ್ನೂ ವಿಚಿತ್ರ. ಮಯಾಮಿಯೂ ಸೇರಿ ಐದು ತಂಡ ಎರಡನೇ ಸ್ಥಾನಕ್ಕೆ ಸಮವಾಗಿದ್ದವು. ಎದುರಾಳಿಗಳ ಗೆಲುವಿನ ಲೆಕ್ಕ ಹಾಕಿ ಫೈನಲ್‌ಗೆ ಡ್ಯೂಕ್ ತಂಡವನ್ನು ಕಳಿಸಿದರು. ಒಟ್ಟು ಐದು ಆಟ ಸೋತಿದ್ದ ಡ್ಯೂಕ್ ಚಾಂಪಿಯನ್ ಆಯಿತು, ಆದರೂ ಪ್ಲೇಆಫ್‌ಗೆ ಬರುವಷ್ಟು ಮೇಲೆ ಇರಲಿಲ್ಲ. ಚಾಂಪಿಯನ್‌ಗಳ ಐದನೇ ಜಾಗ ಜೇಮ್ಸ್ ಮ್ಯಾಡಿಸನ್ ಅನ್ನುವ ಸಣ್ಣ ತಂಡಕ್ಕೆ ಹೋಯಿತು. ತನ್ನ ಕಾನ್ಫರೆನ್ಸ್ ಫೈನಲ್‌ಗೇ ಹೋಗದ ಮಯಾಮಿ ಟೆಕ್ಸಸ್ ಎ ಆ್ಯಂಡ್ ಎಂ, ಒಹಾಯೋ ಸ್ಟೇಟ್, ಓಲ್ ಮಿಸ್ ಮೂರನ್ನೂ ಸೋಲಿಸಿ ದೇಶದ ಫೈನಲ್ ತಲುಪಿತು. ಗುಂಪುಗಳು 16, 17, 18 ತಂಡಕ್ಕೆ ಊದಿಕೊಂಡಾಗ ಹೀಗೇ ಆಗೋದು. ಒಂದೇ ಮನೆಯವರು ಒಬ್ಬರನ್ನೊಬ್ಬರು ನೋಡಲ್ಲ.

ಆ ಭಾನುವಾರ ಸಂಜೆ ನೋಟರ್ ಡೇಮ್ ಇನ್ನೊಂದು ಸುದ್ದಿ ಕೊಟ್ಟಿತು. ಕೊನೆಯ ಹತ್ತು ಆಟವನ್ನೂ ಸತತವಾಗಿ ಗೆದ್ದ ಆ ತಂಡ, ಪ್ಲೇಆಫ್ ಇಲ್ಲದಿದ್ದರೆ ಬೌಲೇ ಬೇಡ ಅಂದಿತು. ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಪಾಪ್-ಟಾರ್ಟ್ಸ್ ಬೌಲ್‌ನಲ್ಲಿ ಬಿವೈಯು ಎದುರು ಆಡಬಹುದಾಗಿತ್ತು. ಕಮಿಟಿಯ ಪಟ್ಟಿಯಲ್ಲಿ 11 ಮತ್ತು 12ರಲ್ಲಿದ್ದ ಎರಡು ಗಟ್ಟಿ ತಂಡಗಳ ಆಟ ನಡೆಯಲೇ ಇಲ್ಲ. ಕೋಚ್ ಬದಲಾದ ಕ್ಯಾನ್ಸಸ್ ಸ್ಟೇಟ್, ಅಯೋವಾ ಸ್ಟೇಟ್ ಕೂಡ ಬೌಲ್ ಒಲ್ಲೆ ಅಂದವು. ಅವುಗಳಿಗೆ ಬಿಗ್ 12 ತಲಾ 5 ಲಕ್ಷ ಡಾಲರ್ ದಂಡ ಹಾಕಿತು. ಖಾಲಿ ಜಾಗ ತುಂಬಲು 5 ಗೆದ್ದು 7 ಸೋತ ತಂಡಗಳಿಗೂ ಫೋನ್ ಹೋಯಿತು, ಅವುಗಳಲ್ಲೂ ಹಲವು ಬೇಡ ಅಂದವು.

2016ರಲ್ಲಿ ಇಬ್ಬರು ಹುಡುಗರು ಮಾಡಿದ್ದನ್ನು 2025ರಲ್ಲಿ ಇಡೀ ವಿಶ್ವವಿದ್ಯಾಲಯವೇ ಮಾಡಿತು. ನೋಟರ್ ಡೇಮ್ ನಿರ್ಧಾರ ನನಗೆ ಇಷ್ಟವಾಗಲಿಲ್ಲ. ಆ ತಂಡದಲ್ಲಿ ಡ್ರಾಫ್ಟ್ ಕನಸಿಲ್ಲದ, ನಾಲ್ಕು ವರ್ಷ ಬೆಂಚಿನಲ್ಲಿ ಕೂತ ಹುಡುಗರು ಇದ್ದೇ ಇರ್ತಾರೆ. ಅವರಿಗೆ ಅದೇ ಕೊನೆಯ ಅವಕಾಶ. ಆದರೆ ಸಿಟ್ಟು ನನಗೆ ಅರ್ಥವಾಗುತ್ತೆ. ದುಡ್ಡಿನ ಮಾತೂ ಇದೆ. ಆ ವರ್ಷ ಪ್ಲೇಆಫ್‌ಗೆ ಬಂದರೆ 40 ಲಕ್ಷ ಡಾಲರ್, ಕ್ವಾರ್ಟರ್‌ಫೈನಲ್‌ಗೆ ಮತ್ತೆ 40 ಲಕ್ಷ, ಆಮೇಲಿನ ಎರಡು ಹಂತಕ್ಕೆ 60 ಲಕ್ಷದಂತೆ. ಬೇರೆಯವರದ್ದು ಕಾನ್ಫರೆನ್ಸ್‌ಗೆ ಹೋಗುತ್ತಿತ್ತು. ಫುಟ್‌ಬಾಲ್‌ನಲ್ಲಿ ಯಾವ ಕಾನ್ಫರೆನ್ಸ್‌ಗೂ ಸೇರದ ನೋಟರ್ ಡೇಮ್‌ಗೆ ಪೂರ್ತಿ ಅದರದ್ದೇ.

ದುಡ್ಡಿನ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಪ್ಲೇಆಫ್ ತೋರಿಸುವುದು ಇಎಸ್‌ಪಿಎನ್. ವಾರವಾರದ ಪಟ್ಟಿ ತೋರಿಸುವುದೂ ಅದೇ. ಹತ್ತಕ್ಕೂ ಹೆಚ್ಚು ಬೌಲ್‌ಗಳ ಒಡೆತನವೂ ಅದರದ್ದೇ. 2026ರಿಂದ ಆರು ವರ್ಷಕ್ಕೆ ಸುಮಾರು 780 ಕೋಟಿ ಡಾಲರ್ ಒಪ್ಪಂದ. ಅದರಲ್ಲಿ ಎಸ್‌ಇಸಿ ಮತ್ತು ಬಿಗ್ ಟೆನ್ ಎರಡಕ್ಕೇ ಅರ್ಧಕ್ಕಿಂತ ಜಾಸ್ತಿ ಪಾಲು.

ತಂಡಗಳ ಸಂಖ್ಯೆ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತೆ ಅಂತಾರೆ. 16 ಮಾಡಿ, 24 ಮಾಡಿ ಅನ್ನುವ ಮಾತು ನಡೀತಾನೇ ಇದೆ. ನಾಲ್ಕರಿಂದ 12ಕ್ಕೆ ಹೋದದ್ದು ಒಳ್ಳೆಯದೇ ಆಯ್ತು. ಒಂದೂ ಸೋಲದ ಚಾಂಪಿಯನ್ ಹೊರಗುಳಿಯುವುದಕ್ಕೂ ಎರಡು ಸೋತ 11ನೇ ತಂಡ ಹೊರಗುಳಿಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಆದರೆ ಗೆರೆಯನ್ನು ಎಲ್ಲಿ ಎಳೆದರೂ ಆಚೆ ಒಬ್ಬರು ನಿಂತಿರ್ತಾರೆ. ಅವರಿಗೆ ಯಾಕೆ ಅಂತ ಹೇಳಲು ಆಗಬೇಕು. ಸಣ್ಣ ಕಾನ್ಫರೆನ್ಸ್ ತಂಡಗಳನ್ನು ತೆಗೆದುಹಾಕಿ ಅನ್ನುವವರೂ ಇದ್ದಾರೆ. ಟುಲೇನ್ 41-10ರಿಂದ, ಜೇಮ್ಸ್ ಮ್ಯಾಡಿಸನ್ 51-34ರಿಂದ ಸೋತದ್ದನ್ನು ತೋರಿಸ್ತಾರೆ. ಹಿಂದಿನ ವರ್ಷ ಎಸ್‌ಇಸಿಯ ಟೆನೆಸಿ 42-17ರಿಂದ ಸೋತಾಗ ಆ ಮಾತು ಯಾಕೆ ಬರಲಿಲ್ಲ? 2017ರಲ್ಲಿ ಸೆಂಟ್ರಲ್ ಫ್ಲಾರಿಡಾ 13ಕ್ಕೆ 13 ಗೆದ್ದು, ಪೀಚ್ ಬೌಲ್‌ನಲ್ಲಿ ಆಬರ್ನ್ ತಂಡವನ್ನೂ ಸೋಲಿಸಿ, ಪ್ಲೇಆಫ್ ಬಾಗಿಲನ್ನೇ ನೋಡಲಿಲ್ಲ. ಆ ದಿನಗಳಿಗೆ ವಾಪಸ್ ಹೋಗೋದು ಬೇಡ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಮುಖಾಮುಖಿ ಯಾವಾಗ ಲೆಕ್ಕ, ಕಾನ್ಫರೆನ್ಸ್ ಫೈನಲ್ ಸೋಲಿಗೆ ಎಷ್ಟು ತೂಕ, ಗಾಯವನ್ನು ನೋಡಬೇಕೋ ಬೇಡವೋ, ಇವನ್ನು ಆಗಸ್ಟ್‌ನಲ್ಲೇ ಬರೆದು ಎಲ್ಲರ ಮುಂದೆ ಇಡಬೇಕು. ಗಾಯವನ್ನು ನೋಡಲೇಬಾರದು ಅನ್ನುವವನು ನಾನು. ವಾರದ ಪಟ್ಟಿ ನಿಲ್ಲಬೇಕು. ಬೌಲ್‌ಗಳು ಉಳಿಯಬೇಕಾದರೆ ಆಡುವ ಹುಡುಗರಿಗೆ ವಿಮೆ ಮತ್ತು ದುಡ್ಡು ಎರಡೂ ಕೊಡಬೇಕು. 2024ರ ಆಲಮೋ ಬೌಲ್‌ನಲ್ಲಿ ಕೊಲರಾಡೊದ ಟ್ರ್ಯಾವಿಸ್ ಹಂಟರ್, ಶಡೂರ್ ಸ್ಯಾಂಡರ್ಸ್ ಇಬ್ಬರೂ ಆಡಿದರು. ಅವರ ಹೆಸರಲ್ಲಿ ದೊಡ್ಡ ಮೊತ್ತದ ವಿಮೆ ಮಾಡಿಸಲಾಗಿತ್ತು. 2025ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕ ಕೋರ್ಟ್ ಒಪ್ಪಂದದ ಪ್ರಕಾರ ಒಂದು ಕಾಲೇಜು ತನ್ನ ಎಲ್ಲ ಆಟಗಾರರಿಗೂ ಸೇರಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ನೇರವಾಗಿ ಕೊಡಬಹುದು. ಬೌಲ್ ಆಟವನ್ನೂ ಆ ಕರಾರಿನಲ್ಲಿ ಬರೆದುಕೊಂಡರೆ ಅಭಿಮಾನದ ಉಪದೇಶ ಮಾಡುವ ಅಗತ್ಯ ಬೀಳಲ್ಲ.

ಆದರೆ ಮಾಡಿರುವ ಬದಲಾವಣೆಯೇ ಬೇರೆ. 2026ರಲ್ಲೂ ಪ್ಲೇಆಫ್ 12 ತಂಡಗಳದ್ದೇ. ಹೊಸದಾಗಿ ಬರುವುದರಲ್ಲಿ ಒಂದು ನೋಟರ್ ಡೇಮ್‌ಗೆ ಖಾತ್ರಿ: ಪಟ್ಟಿಯ ಮೊದಲ 12ರೊಳಗೆ ಇದ್ದರೆ ಅದಕ್ಕೆ ಜಾಗ ಖಚಿತ. ಇದನ್ನು 2025ರ ಪಟ್ಟಿಗೆ ಹಚ್ಚಿ ನೋಡಿ. 11ರಲ್ಲಿದ್ದ ನೋಟರ್ ಡೇಮ್ ಒಳಗೆ. ಅದಕ್ಕೆ ಜಾಗ ಬಿಡಬೇಕಾದದ್ದು ಕಮಿಟಿ ಆರಿಸಿದ ಕೊನೆಯ ತಂಡ, ಅಂದರೆ 10ರಲ್ಲಿದ್ದ, ಅದನ್ನು ಮೈದಾನದಲ್ಲಿ ಸೋಲಿಸಿದ ಮಯಾಮಿ.

ಆ ಮಯಾಮಿಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್. 63-3ರ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾಗೆ ಆಡಿದ್ದು ಇವರೇ. ಆಗ ಅವರ ತಂಡಕ್ಕೂ ಪ್ಲೇಆಫ್ ತಪ್ಪಿಹೋಗಿತ್ತು, ಆದರೂ ಅವರು ಇಳಿದು ಆಡಿದ್ದರು. 2026ರ ಜನವರಿ 19ರಂದು ಅದೇ ಹಾರ್ಡ್ ರಾಕ್ ಸ್ಟೇಡಿಯಂನಲ್ಲಿ, 27-21ರಿಂದ ಹಿಂದಿರುವಾಗ, ಕೊನೆಯ ನಿಮಿಷದಲ್ಲಿ ಚೆಂಡು ಅವರ ಕೈಯಲ್ಲಿತ್ತು. ಅವರ ಎಸೆತ ಇಂಡಿಯಾನಾದ ಆಟಗಾರನ ಕೈಸೇರಿತು, ಆಟ ಮುಗಿಯಿತು. ಹೊಸ ನಿಯಮ ಒಂದು ವರ್ಷ ಮೊದಲೇ ಬಂದಿದ್ದರೆ ಅವತ್ತು ರಾತ್ರಿ ಅವರು ಆ ಮೈದಾನದಲ್ಲಿ ಇರುತ್ತಲೇ ಇರಲಿಲ್ಲ.